‘ನನ್ನ’, ‘ನನ್ನದು’ ಗೊತ್ತಿದ್ದವರಿಗೆ “ಮೈ”, “ಮೈನ್”: ಇಂಗ್ಲಿಷಿನ ಒಡೆತನದ ಪದಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

“ದಿಸ್ ಪೆನ್ ಈಸ್ ಮೈ.” ಇಂಗ್ಲಿಷ್ ಕಲಿಯುವವರ ನೋಟ್‌ಬುಕ್ಕುಗಳಲ್ಲಿ ಈ ವಾಕ್ಯವನ್ನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಇದನ್ನು ಬರೆದವರೇ ಕನ್ನಡದಲ್ಲಿ ‘ಈ ಪೆನ್ನು ನನ್ನ’ ಎಂದು ಯಾವತ್ತೂ ಹೇಳುವುದಿಲ್ಲ. ‘ಈ ಪೆನ್ನು ನನ್ನದು’ ಎನ್ನುತ್ತಾರೆ. ‘ನನ್ನ’ ಎಲ್ಲಿ, ‘ನನ್ನದು’ ಎಲ್ಲಿ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಮೂರು ವರ್ಷದ ಮಗುವಿಗೂ ಅದು ಗೊತ್ತು. ಇಂಗ್ಲಿಷಿನ “ಮೈ” ಮತ್ತು “ಮೈನ್” ನಡುವೆ ಇರುವುದೂ ಇದೇ ವ್ಯತ್ಯಾಸ.

ಅಂದರೆ ಅರ್ಧ ಪಾಠ ನಿಮಗೆ ಆಗಲೇ ಬರುತ್ತದೆ. ಇನ್ನರ್ಧದಲ್ಲಿ ಕನ್ನಡದ ಅಭ್ಯಾಸವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಯಾವ ಜಾಗದಲ್ಲಿ ಕನ್ನಡವನ್ನು ನಂಬಬೇಕು, ಯಾವ ಜಾಗದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು ಅಂತ ಒಂದೊಂದೇ ಹಂತವಾಗಿ ನೋಡೋಣ.

ಹಂತ 1: ಮುಂದೆ ವಸ್ತುವಿನ ಹೆಸರು ಇದೆಯಾ ನೋಡಿ

ಒಡೆತನ ಹೇಳುವ ಪದಗಳು ಇಂಗ್ಲಿಷಿನಲ್ಲಿ ಎರಡು ಗುಂಪು. ಒಂದು ಗುಂಪಿನ ಪದಕ್ಕೆ ಮುಂದೆ ಒಂದು ನಾಮಪದ ಬೇಕೇ ಬೇಕು. ಇನ್ನೊಂದು ಗುಂಪಿನ ಪದ ತಾನೇ ಆ ನಾಮಪದವನ್ನೂ ಒಳಗೆ ಇಟ್ಟುಕೊಂಡು ಒಂಟಿಯಾಗಿ ನಿಲ್ಲುತ್ತದೆ. ಕನ್ನಡದ ಜೋಡಿಗಳ ಪಕ್ಕ ಇಟ್ಟರೆ ಹೀಗೆ ಕಾಣುತ್ತದೆ:

ನನ್ನ – ಮೈ; ನನ್ನದು – ಮೈನ್
ನಿನ್ನ, ನಿಮ್ಮ – ಯುವರ್. ನಿನ್ನದು, ನಿಮ್ಮದು – ಯುವರ್ಸ್
ಅವನ – ಹಿಸ್. ಅವನದು – ಹಿಸ್
ಅವಳ – ಹರ್. ಅವಳದು – ಹರ್ಸ್
ನಮ್ಮ – ಅವರ್. ನಮ್ಮದು – ಅವರ್ಸ್
ಹಲವರನ್ನು ಕುರಿತ ಅವರ – ದೇರ್. ಅವರದು – ದೇರ್ಸ್
ಅದರ – ಇಟ್ಸ್

ಹಳೆಯ ಶಾಲಾ ವ್ಯಾಕರಣಗಳಲ್ಲಿ ಮೊದಲ ಗುಂಪಿಗೆ ಪೊಸೆಸಿವ್ ಅಡ್ಜೆಕ್ಟಿವ್ ಎನ್ನುತ್ತಾರೆ, ಈಗಿನವರು ಡಿಟರ್ಮಿನರ್ ಎನ್ನುತ್ತಾರೆ. ಎರಡನೆಯ ಗುಂಪೇ ನಿಜವಾದ ಪೊಸೆಸಿವ್ ಪ್ರೊನೌನ್. ಹೆಸರು ಮರೆತರೂ ಪರವಾಗಿಲ್ಲ, ಜಾಗ ಮರೆಯಬೇಡಿ.

ಬರೆಯುವಾಗ ಅನುಮಾನ ಬಂದರೆ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ. ‘-ದು’ ಬಂತಾ? ಹಾಗಾದರೆ ಎರಡನೆಯ ಗುಂಪು. ‘ನನ್ನ ಫೋನ್’, “ಮೈ ಫೋನ್”. ‘ಫೋನ್ ನನ್ನದು’, “ದ ಫೋನ್ ಈಸ್ ಮೈನ್”. ಹೋಲಿಕೆಯ ವಾಕ್ಯಗಳಲ್ಲಿ ಈ ಪರೀಕ್ಷೆ ಜಾಸ್ತಿ ಕೆಲಸಕ್ಕೆ ಬರುತ್ತದೆ. “ಮೈ ರೂಮ್ ಈಸ್ ಬಿಗ್ಗರ್ ದ್ಯಾನ್ ಯುವರ್” ಎಂದು ಬರೆದು ನಿಲ್ಲಿಸುವವರು ಬಹಳ ಮಂದಿ. ಕನ್ನಡದಲ್ಲಿ ‘ನಿಮ್ಮದಕ್ಕಿಂತ’ ಎನ್ನುತ್ತೇವೆ, ಅಲ್ವಾ? ‘-ದು’ ಅಲ್ಲೇ ಕುಳಿತಿದೆ. ಆದ್ದರಿಂದ “ಯುವರ್ಸ್”.

ಪಟ್ಟಿಯಲ್ಲಿ ಎರಡು ಪದ ಗಮನಿಸಿ. “ಹಿಸ್” ಎರಡೂ ಕಡೆ ಒಂದೇ ರೂಪ: “ಹಿಸ್ ಬ್ಯಾಗ್”, “ದ ಬ್ಯಾಗ್ ಈಸ್ ಹಿಸ್”. “ಇಟ್ಸ್” ಒಂಟಿಯಾಗಿ ನಿಲ್ಲುವುದು ತೀರಾ ಅಪರೂಪ, ಹಾಗಾಗಿ ಅದರ ಎದುರು ‘ಅದರದು’ ಬರೆಯಲಿಲ್ಲ. ಇನ್ನೊಂದು ಸಣ್ಣ ಎಚ್ಚರಿಕೆ, ಮಾತು ಕೇಳಿಸಿಕೊಳ್ಳುವಾಗ ಮಾತ್ರ: ಇಂಗ್ಲಿಷಿನ “ಅವರ್” ನಮ್ಮ ಕಿವಿಗೆ ಕನ್ನಡದ ‘ಅವರ’ ಎಂದೇ ಬೀಳುತ್ತದೆ. ಅರ್ಥ ಮಾತ್ರ ‘ನಮ್ಮ’. ಹೊಸದಾಗಿ ಕಲಿಯುವವರು ಇಲ್ಲಿ ಎಡವುವುದನ್ನು ನೋಡಿದ್ದೇನೆ.

ಹಂತ 2: ವಸ್ತು ಒಂದೇ ಇರಲಿ, ಹತ್ತೇ ಇರಲಿ, ಪದ ಬದಲಾಗದು

ಕನ್ನಡದಲ್ಲಿ ‘ಈ ಪುಸ್ತಕ ನನ್ನದು’, ‘ಈ ಪುಸ್ತಕಗಳು ನನ್ನವು’. ಇಂಗ್ಲಿಷಿನಲ್ಲಿ ಎರಡಕ್ಕೂ “ಮೈನ್”. “ಮೈನ್ಸ್” ಎಂಬ ರೂಪವೇ ಇಲ್ಲ. ಬದಲಾಗುವುದು ಕ್ರಿಯಾಪದ: “ಯುವರ್ ಬುಕ್ ಈಸ್ ನ್ಯೂ, ಮೈನ್ ಈಸ್ ಓಲ್ಡ್”, “ಯುವರ್ ಬುಕ್ಸ್ ಆರ್ ನ್ಯೂ, ಮೈನ್ ಆರ್ ಓಲ್ಡ್”. ‘ನನ್ನದು’ ಎಂದಾಗ ಮನಸ್ಸಿನಲ್ಲಿರುವುದು ಒಂದೋ ಹಲವೋ ನೋಡಿ “ಈಸ್” ಅಥವಾ “ಆರ್” ಹಾಕಿ.

ಹಂತ 3: “ಹಿಸ್”, “ಹರ್” ತೀರ್ಮಾನ ಒಡೆಯನನ್ನು ನೋಡಿ

ರವಿಯ ತಂಗಿ “ಹಿಸ್ ಸಿಸ್ಟರ್”, ಏಕೆಂದರೆ ಒಡೆತನ ರವಿಯದು. ತಂಗಿ ಹೆಣ್ಣು ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕನ್ನಡದಲ್ಲೂ ‘ಅವನ ತಂಗಿ’ ಎಂದೇ ಹೇಳುವುದು, ಆದ್ದರಿಂದ ಕನ್ನಡದವರಿಗೆ ಇದು ತೊಂದರೆ ಕೊಡಬಾರದು. ಆದರೆ ಹಿಂದಿ ಕಲಿತವರಲ್ಲಿ ಕೆಲವರು ಗೊಂದಲಕ್ಕೆ ಬೀಳುತ್ತಾರೆ. ಹಿಂದಿಯಲ್ಲಿ ‘ಉಸ್ಕಾ’, ‘ಉಸ್ಕೀ’ ಬದಲಾಗುವುದು ಮುಂದೆ ಬರುವ ಪದದ ಲಿಂಗ ನೋಡಿ. ಆ ಅಭ್ಯಾಸ ಇಲ್ಲಿಗೆ ತರಬೇಡಿ. ಇಲ್ಲಿ ಕನ್ನಡವನ್ನೇ ನಂಬಿ.

ಹಂತ 4: ಕನ್ನಡದ ಮರ್ಯಾದೆಯನ್ನು ಇಂಗ್ಲಿಷಿನ ಸರ್ವನಾಮಕ್ಕೆ ಹೊರಿಸಬೇಡಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನ ಪಾಲು ಇಲ್ಲಿಯವು.

ಒಮ್ಮೆ ಒಬ್ಬರು ತಮ್ಮ ಆಫೀಸಿನ ಇಮೇಲ್ ತಂದು ತೋರಿಸಿದರು. ವಿಷಯ ಇಷ್ಟೇ: ಮ್ಯಾನೇಜರ್ ಬಂದಿದ್ದರು, ಅವರ ಬ್ಯಾಗ್ ಮೀಟಿಂಗ್ ರೂಮಿನಲ್ಲಿ ಉಳಿದುಬಿಟ್ಟಿದೆ. ಇವರು ಬರೆದದ್ದು: “ದ ಮ್ಯಾನೇಜರ್ ಕೇಮ್ ವಿತ್ ಟೂ ಕ್ಲೈಂಟ್ಸ್ ಅಂಡ್ ದೇರ್ ಬ್ಯಾಗ್ ಈಸ್ ಇನ್ ದ ರೂಮ್”. ಓದಿದವರು ಆ ಇಬ್ಬರು ಕ್ಲೈಂಟ್‌ಗಳಿಗೆ ಫೋನ್ ಮಾಡಿ, ನಿಮ್ಮ ಬ್ಯಾಗ್ ಇಲ್ಲಿದೆ ಎಂದಿದ್ದಾರೆ. ಬರೆದವರ ಮನಸ್ಸಿನಲ್ಲಿ ಇದ್ದದ್ದು ‘ಅವರ ಬ್ಯಾಗ್’, ಮರ್ಯಾದೆಯ ‘ಅವರ’. ಓದಿದವರಿಗೆ ಕಂಡದ್ದು ಬಹುವಚನದ “ದೇರ್”. “ಹಿಸ್ ಬ್ಯಾಗ್” ಎಂದಿದ್ದರೆ ಮುಗಿದಿತ್ತು.

ಅವರು ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ: “ಸರ್, ಅಷ್ಟು ದೊಡ್ಡವರಿಗೆ ಹಿಸ್ ಅಂದ್ರೆ ಏಕವಚನ ಆಗಲ್ವಾ?” ಆಗುತ್ತದೆ, ಆದರೆ ಇಂಗ್ಲಿಷಿನಲ್ಲಿ ಏಕವಚನ ಎಂದರೆ ಒಬ್ಬರು ಎಂದಷ್ಟೇ ಅರ್ಥ. ಅದರಲ್ಲಿ ಅಗೌರವ ಇಲ್ಲ. ಮಗುವಿಗೂ “ಹಿಸ್”, ಮೇಷ್ಟ್ರಿಗೂ “ಹಿಸ್”, ರಾಷ್ಟ್ರಪತಿಗೂ ಅವರು ಗಂಡಸಾದರೆ “ಹಿಸ್”, ಹೆಂಗಸಾದರೆ “ಹರ್”. ಗೌರವ ತೋರಿಸಲು ಇಂಗ್ಲಿಷಿನಲ್ಲಿ ಬೇರೆ ದಾರಿಗಳಿವೆ: ಸರ್, ಮೇಡಂ, ಡಾಕ್ಟರ್, ಪ್ರೊಫೆಸರ್. ಅವನ್ನು ಬಳಸಿ.

ಇದರ ಇನ್ನೊಂದು ಮುಖ ‘ನಮ್ಮ’. ನಾವು ‘ನಮ್ಮ ಅಮ್ಮ’, ‘ನಮ್ಮ ತಂದೆ’, ‘ನಮ್ಮ ಯಜಮಾನರು’ ಎನ್ನುತ್ತೇವೆ. ಪ್ರೀತಿ, ಮನೆತನ ಎರಡೂ ಆ ‘ನಮ್ಮ’ದಲ್ಲಿ ಇದೆ. ಅದನ್ನೇ “ಅವರ್ ಹಸ್ಬೆಂಡ್” ಎಂದರೆ, ಕೇಳುವವರಿಗೆ ಆ ಒಬ್ಬ ಗಂಡ ಹಲವು ಹೆಂಗಸರಿಗೆ ಸೇರಿದವನು ಎಂಬ ಅರ್ಥ ಬರುತ್ತದೆ. “ಮೈ ಹಸ್ಬೆಂಡ್”, “ಮೈ ಮದರ್”, “ಮೈ ಫಾದರ್” ಸರಿ. ಅಣ್ಣ ತಂಗಿ ಇಬ್ಬರೂ ಕೂತು ತಮ್ಮಿಬ್ಬರ ಅಮ್ಮನ ವಿಷಯ ಮಾತಾಡುವಾಗ “ಅವರ್ ಮದರ್” ಸರಿಯಾಗುತ್ತದೆ. “ಅವರ್ ಹೌಸ್”, “ಅವರ್ ಟೀಮ್”, “ಅವರ್ ಟೀಚರ್” ಎಲ್ಲಕ್ಕೂ ಅಡ್ಡಿಯಿಲ್ಲ, ಅವು ನಿಜವಾಗಿ ಹಲವರಿಗೆ ಸೇರಿದವು. ಬರೆಯುವ ಮುಂಚೆ ಕೇಳಿಕೊಳ್ಳಿ: ಈ ‘ನಮ್ಮ’ದಲ್ಲಿ ನನ್ನ ಜೊತೆ ಇನ್ನೂ ಯಾರಿದ್ದಾರೆ? ಯಾರೂ ಇಲ್ಲ ಎಂದಾದರೆ “ಮೈ”.

‘ನಿನ್ನ’, ‘ನಿಮ್ಮ’, ‘ತಮ್ಮ’ ವಿಷಯದಲ್ಲಿ ಇಂಗ್ಲಿಷ್ ನಮಗೆ ಸುಲಭ ಮಾಡಿಕೊಟ್ಟಿದೆ. ಎಲ್ಲಕ್ಕೂ “ಯುವರ್”. ಹಿಂದೆ ಹೀಗಿರಲಿಲ್ಲ. ಕೆಲವು ಶತಮಾನಗಳ ಹಿಂದಿನ ಇಂಗ್ಲಿಷಿನಲ್ಲಿ ‘ನಿನ್ನ’ಕ್ಕೆ “ದೈ”, ‘ನಿನ್ನದು’ಗೆ “ದೈನ್” ಇತ್ತು. “ಯುವರ್” ಬಹುವಚನಕ್ಕೂ ಮರ್ಯಾದೆಗೂ ಮೀಸಲಾಗಿತ್ತು, ನಮ್ಮ ‘ನಿಮ್ಮ’ ಇದ್ದ ಹಾಗೆಯೇ. ಕಾಲ ಕಳೆದಂತೆ ಎಲ್ಲರಿಗೂ ಎಲ್ಲರೂ ಮರ್ಯಾದೆ ಕೊಡತೊಡಗಿ “ದೈ” ಬಳಕೆ ತಪ್ಪಿತು. ಹಾಗಾಗಿ “ಯುವರ್” ಎನ್ನುವಾಗ ಅಳುಕು ಬೇಡ.

ಹಂತ 5: ಕನ್ನಡ ಸುಮ್ನೆ ಬಿಡುವ ಕಡೆ ಇಂಗ್ಲಿಷ್ ಬಿಡುವುದಿಲ್ಲ

‘ಕೈ ತೊಳೆದುಕೊಂಡೆ.’ ಯಾರ ಕೈ? ಯಾರೂ ಕೇಳುವುದಿಲ್ಲ. ‘ನನ್ನ ಕೈ ತೊಳೆದುಕೊಂಡೆ’ ಎಂದರೆ ಕನ್ನಡದಲ್ಲಿ ಒಂಥರಾ ಅನಿಸುತ್ತದೆ. ಇದನ್ನೇ ಹಾಗೇ ತೆಗೆದುಕೊಂಡು “ಐ ವಾಶ್ಡ್ ಹ್ಯಾಂಡ್ಸ್” ಎಂದು ಬರೆದರೆ ಇಂಗ್ಲಿಷ್ ಓದುಗನಿಗೆ ಏನೋ ಬಿಟ್ಟುಹೋದ ಹಾಗೆ ಕಾಣುತ್ತದೆ. “ಐ ವಾಶ್ಡ್ ಮೈ ಹ್ಯಾಂಡ್ಸ್” ಆಗಬೇಕು.

ಯಾಕೆ ಹೀಗೆ ಅಂತ ಬಹಳ ದಿನ ಯೋಚಿಸಿದ್ದೆ. ಉತ್ತರ ನಮ್ಮ ಕ್ರಿಯಾಪದದಲ್ಲೇ ಇದೆ. ‘ತೊಳೆದುಕೊಂಡೆ’ಯಲ್ಲಿರುವ ‘ಕೊಂಡೆ’ ನೋಡಿ. ಕೆಲಸ ತಿರುಗಿ ಮಾಡಿದವರ ಮೇಲೇ ಬಂತು ಎಂದು ಅದು ಹೇಳಿಬಿಡುತ್ತದೆ. ಕನ್ನಡದಲ್ಲಿ ‘ಕೊಳ್ಳು’ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ “ಮೈ”, “ಹಿಸ್”, “ಹರ್” ಮಾಡುತ್ತವೆ. ಇದು ತಲೆಗೆ ಹತ್ತಿದ ಮೇಲೆ ನನ್ನ ಪಾಠ ಹೇಳುವ ರೀತಿಯೇ ಬದಲಾಯಿತು. ಈಗ ನಾನು ಹೀಗೆ ಹೇಳುತ್ತೇನೆ: ಕನ್ನಡ ವಾಕ್ಯದಲ್ಲಿ ‘ಕೊಂಡ’, ‘ಕೊಂಡಳು’, ‘ಕೊಳ್ಳಿ’ ಬಂದು, ಮುಂಚೆ ಮೈಯ ಭಾಗವೋ ಬಟ್ಟೆಯೋ ಸ್ವಂತ ವಸ್ತುವೋ ಇದ್ದರೆ, ಇಂಗ್ಲಿಷಿನಲ್ಲಿ ಒಡೆತನದ ಪದ ಹುಡುಕಿ.

‘ತಲೆ ಬಾಚಿಕೊಂಡಳು’ – “ಶಿ ಕೋಂಬ್ಡ್ ಹರ್ ಹೇರ್”. ‘ಶೂ ಹಾಕಿಕೊಳ್ಳಿ’ – “ಪುಟ್ ಆನ್ ಯುವರ್ ಶೂಸ್”. ‘ಕಣ್ಣು ಮುಚ್ಚಿಕೊಂಡರು’, ಹಲವರಾದರೆ – “ದೇ ಕ್ಲೋಸ್ಡ್ ದೇರ್ ಐಸ್”. ‘ಕೊಳ್ಳು’ ಇಲ್ಲದ ಕಡೆಯೂ ಇದು ಬರುತ್ತದೆ: ‘ಜೇಬಿನಿಂದ ಫೋನ್ ತೆಗೆದ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎರಡು “ಹಿಸ್” ಬೇಕು, “ಹಿ ಟುಕ್ ಹಿಸ್ ಫೋನ್ ಔಟ್ ಆಫ್ ಹಿಸ್ ಪಾಕೆಟ್”. ‘ಹೆಂಡತಿ ಜೊತೆ ಬಂದ’ – “ಹಿ ಕೇಮ್ ವಿತ್ ಹಿಸ್ ವೈಫ್”. ‘ಮನಸ್ಸು ಬದಲಾಯಿಸಿದಳು’ – “ಶಿ ಚೇಂಜ್ಡ್ ಹರ್ ಮೈಂಡ್”.

ಒಂದು ವಿನಾಯಿತಿ ಇದೆ. ಬೇರೆಯವರು ನಮ್ಮ ಮೈ ಮುಟ್ಟಿದಾಗ, ಹೊಡೆದಾಗ, ಮೊದಲು ವ್ಯಕ್ತಿಯನ್ನು ಹೇಳಿ ಆಮೇಲೆ ಜಾಗ ಹೇಳುವ ವಾಕ್ಯಗಳಲ್ಲಿ “ದ” ಬರುತ್ತದೆ. “ಶಿ ಟ್ಯಾಪ್ಡ್ ಮಿ ಆನ್ ದ ಶೋಲ್ಡರ್”. ಇಲ್ಲಿ “ಮಿ” ಆಗಲೇ ಯಾರ ಭುಜ ಅಂತ ಹೇಳಿಬಿಟ್ಟಿದೆ.

ಹಂತ 6: ‘ತನ್ನ’ ಇಲ್ಲದ ಭಾಷೆಯಲ್ಲಿ ಏನು ಮಾಡುವುದು?

‘ರವಿ ತನ್ನ ಪುಸ್ತಕ ತಂದ’, ‘ರವಿ ಅವನ ಪುಸ್ತಕ ತಂದ’. ಮೊದಲನೆಯದರಲ್ಲಿ ಪುಸ್ತಕ ರವಿಯದೇ. ಎರಡನೆಯದರಲ್ಲಿ ಬೇರೆ ಯಾರದೋ ಇರಬಹುದು. ‘ತನ್ನ’ ಎಂಥ ಒಳ್ಳೆಯ ಪದ! ಇಂಗ್ಲಿಷಿಗೆ ಅದು ಇಲ್ಲ. “ರವಿ ಬ್ರಾಟ್ ಹಿಸ್ ಬುಕ್” ಎಂದರೆ ಎರಡೂ ಅರ್ಥ ಆಗಬಹುದು.

ಸಂದೇಹ ಬರುವಂತಿದ್ದರೆ “ಓನ್” ಸೇರಿಸಿ: “ರವಿ ಬ್ರಾಟ್ ಹಿಸ್ ಓನ್ ಬುಕ್”. ಬೇರೆಯವನದ್ದಾದರೆ ಹೆಸರನ್ನೇ ಬರೆದುಬಿಡಿ: “ರವಿ ಬ್ರಾಟ್ ಕಿರಣ್’ಸ್ ಬುಕ್”. ಒಂದು ಮಾತು ನೆನಪಿರಲಿ, “ಓನ್” ಒಂಟಿಯಾಗಿ ಬರುವುದಿಲ್ಲ. “ಐ ಹ್ಯಾವ್ ಓನ್ ಹೌಸ್” ತಪ್ಪು. “ಐ ಹ್ಯಾವ್ ಮೈ ಓನ್ ಹೌಸ್” ಸರಿ, “ಐ ಹ್ಯಾವ್ ಎ ಹೌಸ್ ಆಫ್ ಮೈ ಓನ್” ಕೂಡ ಸರಿ. ಇಲ್ಲಿ ಮಾತ್ರ “ಮೈನ್ ಓನ್” ಎನ್ನಬೇಡಿ.

ಹಂತ 7: “ಎ ಫ್ರೆಂಡ್ ಆಫ್ ಮೈನ್”

ಕನ್ನಡದಲ್ಲಿ ‘ಈ ನನ್ನ ಪುಸ್ತಕ’, ‘ಆ ನಿನ್ನ ಗೆಳೆಯ’, ‘ನನ್ನ ಒಬ್ಬ ಗೆಳೆಯ’ ಎಂದು ಎರಡು ಪದ ಪಕ್ಕಪಕ್ಕ ಇಡಬಹುದು. ಇಂಗ್ಲಿಷಿನಲ್ಲಿ ನಾಮಪದಕ್ಕಿಂತ ಮೊದಲು ಇಂಥ ಪದಗಳಿಗೆ ಇರುವ ಜಾಗ ಒಂದೇ. “ಎ”, “ದ”, “ದಿಸ್”, “ದಟ್” ಕೂತಿದ್ದರೆ “ಮೈ” ಕೂರುವಂತಿಲ್ಲ. “ಎ ಮೈ ಫ್ರೆಂಡ್”, “ದಿಸ್ ಮೈ ಬುಕ್” ಎರಡೂ ತಪ್ಪು. ಒಡೆತನವನ್ನು ನಾಮಪದದ ನಂತರಕ್ಕೆ ಕಳಿಸಿ, “ಆಫ್” ಹಾಕಿ, ಎರಡನೆಯ ಗುಂಪಿನ ಪದ ಇಡಬೇಕು: “ಎ ಫ್ರೆಂಡ್ ಆಫ್ ಮೈನ್”, “ದಿಸ್ ಬುಕ್ ಆಫ್ ಯುವರ್ಸ್”.

“ಮೈ ಫ್ರೆಂಡ್” ಮತ್ತು “ಎ ಫ್ರೆಂಡ್ ಆಫ್ ಮೈನ್” ಒಂದೇ ಅಲ್ಲ. ಕೇಳುವವರಿಗೆ ಅವನು ಯಾರೆಂದು ಗೊತ್ತಿದ್ದರೆ ಮೊದಲನೆಯದು. ಗೆಳೆಯರಲ್ಲಿ ಯಾರೋ ಒಬ್ಬ, ಈಗ ತಾನೇ ಮಾತಿಗೆ ಬಂದವನು ಎಂದಾದರೆ ಎರಡನೆಯದು. “ದಟ್ ಬ್ರದರ್ ಆಫ್ ಯುವರ್ಸ್” ಎನ್ನುವಾಗ ದನಿಯಲ್ಲಿ ಸ್ವಲ್ಪ ಸಿಟ್ಟೋ ಸಲಿಗೆಯೋ ಬಂದುಬಿಡುತ್ತದೆ. ‘ಆ ನಿನ್ನ ಅಣ್ಣ ಇದ್ದಾನಲ್ಲ...’ ಎನ್ನುತ್ತೇವಲ್ಲ, ಹಾಗೆ.

ನನಗೆ ಬಹಳ ಇಷ್ಟವಾದ ಒಂದು ಜೋಡಿ ಇದೆ. “ಎ ಫೋಟೋ ಆಫ್ ಮಿ” ಎಂದರೆ ಫೋಟೋದಲ್ಲಿ ನಾನಿದ್ದೇನೆ. “ಎ ಫೋಟೋ ಆಫ್ ಮೈನ್” ಎಂದರೆ ಫೋಟೋ ನನ್ನದು, ನಾನು ತೆಗೆದದ್ದೋ ಇಟ್ಟುಕೊಂಡದ್ದೋ. ಒಳಗೆ ಯಾರಾದರೂ ಇರಲಿ, ಮರ ಗಿಡವಾದರೂ ಇರಲಿ. ಒಂದು ಪದದಲ್ಲಿ ಇಷ್ಟೊಂದು ವ್ಯತ್ಯಾಸ! ‘ನನ್ನ ಫೋಟೋ’ ಎನ್ನುವ ಕನ್ನಡದ ಮಾತಲ್ಲಿ ಎರಡೂ ಅಡಗಿವೆ, ಬಿಡಿಸುವುದು ಇಂಗ್ಲಿಷಿನಲ್ಲಿ ಸುಲಭ.

ಹಂತ 8: ಅಪಾಸ್ಟ್ರಫಿ, ಅಂದರೆ ಮೇಲೆ ಹಾಕುವ ಆ ಸಣ್ಣ ಗುರುತು

ಮಾತಿನಲ್ಲಿ ಕೇಳಿಸದ, ಬರಹದಲ್ಲಿ ಎದ್ದು ಕಾಣುವ ತಪ್ಪು ಇದು. ನಿಯಮ ಚಿಕ್ಕದು: ನಮ್ಮ ಪಟ್ಟಿಯ ಒಡೆತನದ ಪದಗಳಿಗೆ ಅಪಾಸ್ಟ್ರಫಿ ಇಲ್ಲ. “ಯುವರ್ಸ್”, “ಹರ್ಸ್”, “ಅವರ್ಸ್”, “ದೇರ್ಸ್”, “ಇಟ್ಸ್”, ಯಾವುದಕ್ಕೂ ಇಲ್ಲ.

ಕೈ ಮಾತ್ರ ತಾನಾಗಿ ಹಾಕಲು ಹೋಗುತ್ತದೆ. “ರವಿ’ಸ್ ಬುಕ್” ಎನ್ನುವಾಗ ಹಾಕಿದ್ದೇವಲ್ಲ, ಅದೇ ಅಭ್ಯಾಸ. ಹೆಸರಿಗೆ ಒಡೆತನ ಹೊರಗಿಂದ ಅಂಟಿಸಬೇಕು, ಅದಕ್ಕೆ ಆ ಗುರುತು ಬೇಕು. “ಹರ್ಸ್” ಎಂಬ ಪದಕ್ಕೆ ಒಡೆತನ ಹುಟ್ಟಿನಿಂದಲೇ ಇದೆ. “ಹಿಸ್” ಬರೆಯುವಾಗ ಮಧ್ಯೆ ಯಾರೂ ಅಪಾಸ್ಟ್ರಫಿ ಹಾಕುವುದಿಲ್ಲ. ಉಳಿದವನ್ನೂ “ಹಿಸ್”ನ ಅಣ್ಣತಮ್ಮಂದಿರು ಎಂದುಕೊಳ್ಳಿ.

ಪತ್ರದ ಕೊನೆಯಲ್ಲಿ “ಯುವರ್’ಸ್ ಫೇಯ್ತ್‌ಫುಲಿ” ಎಂದು ಗುರುತು ಹಾಕಿ ಬರೆದದ್ದನ್ನು ರಜೆ ಅರ್ಜಿಗಳಲ್ಲಿ ಈಗಲೂ ನೋಡುತ್ತೇನೆ. ನಾನೂ ಕಾಲೇಜು ಮುಗಿಸುವ ತನಕ ಹಾಗೇ ಬರೆದೆ, ಯಾರೂ ತಿದ್ದಿರಲಿಲ್ಲ. ವೈ-ಒ-ಯು-ಆರ್-ಎಸ್, ಐದೇ ಅಕ್ಷರ, ಮಧ್ಯೆ ಏನೂ ಇಲ್ಲ. ಅಂದ ಹಾಗೆ, ಬ್ರಿಟಿಷ್ ಪದ್ಧತಿಯಲ್ಲಿ “ಡಿಯರ್ ಸರ್” ಎಂದು ಶುರು ಮಾಡಿದರೆ ಕೊನೆಗೆ “ಯುವರ್ಸ್ ಫೇಯ್ತ್‌ಫುಲಿ”, ಹೆಸರು ಹಿಡಿದು ಶುರು ಮಾಡಿದರೆ “ಯುವರ್ಸ್ ಸಿನ್ಸಿಯರ್ಲಿ”.

ಎಲ್ಲಕ್ಕಿಂತ ಜಾಸ್ತಿ ಕಾಡುವುದು “ಇಟ್ಸ್”. ಐ-ಟಿ-ಎಸ್ ಎಂದು ಸೇರಿಸಿ ಬರೆದರೆ ‘ಅದರ’. ನಡುವೆ ಗುರುತು ಹಾಕಿ “ಇಟ್’ಸ್” ಎಂದರೆ “ಇಟ್ ಈಸ್” ಅಥವಾ “ಇಟ್ ಹ್ಯಾಸ್”. ಪರೀಕ್ಷೆ ಸುಲಭ: ವಾಕ್ಯದಲ್ಲಿ “ಇಟ್ ಈಸ್” ಅಂತ ಬಿಡಿಸಿ ಓದಿ. “ದ ಡಾಗ್ ವ್ಯಾಗ್ಡ್ ಇಟ್ ಈಸ್ ಟೇಲ್”? ಅರ್ಥವಿಲ್ಲ. ಹಾಗಾದರೆ ಗುರುತು ಬೇಡ.

ಈ ಪದದಲ್ಲಿ ತಪ್ಪಿದರೆ ನಾಚಿಕೆ ಪಡಬೇಕಾಗಿಲ್ಲ, ಇಂಗ್ಲಿಷರಿಗೇ ಇದು ತಡವಾಗಿ ದಕ್ಕಿದ್ದು. ಮೊದಲು ‘ಅದರ’ ಎನ್ನುವುದಕ್ಕೂ “ಹಿಸ್” ಎಂದೇ ಬರೆಯುತ್ತಿದ್ದರು. “ಇಟ್ಸ್” ಅಚ್ಚಿನಲ್ಲಿ ಕಾಣಿಸಿಕೊಂಡದ್ದು 16ನೇ ಶತಮಾನದ ಕೊನೆಗೆ. 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಆ ಪದ ಇರಲೇ ಇಲ್ಲ. ಆಮೇಲೆ ಬಹಳ ಕಾಲ ಹಲವರು ಅಪಾಸ್ಟ್ರಫಿ ಹಾಕಿ ಬರೆದರು. 1787ರ ಅಮೆರಿಕದ ಸಂವಿಧಾನದ ಕೈಬರಹದ ಪ್ರತಿಯಲ್ಲೂ ‘ಅದರ’ ಎಂಬ ಅರ್ಥಕ್ಕೆ “ಇಟ್’ಸ್” ಇದೆ. ಇವತ್ತು ಮಾತ್ರ ಅದು ತಪ್ಪು.

ಇದೇ ಬಗೆಯ ಇನ್ನೂ ಮೂರು ಜೋಡಿಗಳಿಗೂ ಬಿಡಿಸಿ ಓದುವ ಪರೀಕ್ಷೆ ಸಾಕು. “ಯುವರ್” ಎಂದರೆ ನಿಮ್ಮ. “ಯು ಆರ್” ಕುಗ್ಗಿದರೆ ಗುರುತು ಬರುತ್ತದೆ. ಟಿ-ಎಚ್-ಇ-ಐ-ಆರ್ ಎಂದರೆ ಅವರ. “ದೇ ಆರ್” ಕುಗ್ಗಿದರೆ ಗುರುತು. ‘ಅಲ್ಲಿ’ ಎನ್ನಲು ಟಿ-ಎಚ್-ಇ-ಆರ್-ಇ. ಡಬ್ಲ್ಯು-ಎಚ್-ಒ-ಎಸ್-ಇ ಎಂದರೆ ಯಾರ. “ಹೂ ಈಸ್” ಕುಗ್ಗಿದರೆ ಗುರುತು. ಫೋನಿನಲ್ಲಿ ಟೈಪ್ ಮಾಡುವಾಗ ಕೀಬೋರ್ಡ್ ತಾನೇ ಒಂದನ್ನು ಆರಿಸಿಬಿಡುತ್ತದೆ. ಕಳಿಸುವ ಮುಂಚೆ ಒಮ್ಮೆ ಕಣ್ಣಾಡಿಸಿ.

ಹಂತ 9: ಎರಡು ಸಣ್ಣ ಸಂಗತಿಗಳು

“ಎವ್ರಿವನ್” ಬಂದಾಗ ಮುಂದೆ “ಹಿಸ್” ಹಾಕುವುದೋ “ಹರ್” ಹಾಕುವುದೋ? “ದೇರ್” ಹಾಕಿ. “ಎವ್ರಿವನ್ ಶುಡ್ ಬ್ರಿಂಗ್ ದೇರ್ ಓನ್ ಬಾಟಲ್”. ಕನ್ನಡದ ‘ಪ್ರತಿಯೊಬ್ಬರೂ ತಮ್ಮ ತಮ್ಮ ಬಾಟಲಿ ತರಬೇಕು’ ಇದ್ದ ಹಾಗೆ. ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರಿಗೆ “ದೇರ್” ಬಳಸುವುದು ಹೊಸ ಫ್ಯಾಶನ್ ಎಂದು ಕೆಲವರು ಬೈಯುತ್ತಾರೆ. ಅದು 14ನೇ ಶತಮಾನದಿಂದಲೇ ಇಂಗ್ಲಿಷಿನಲ್ಲಿದೆ. ನಾಲ್ಕನೆಯ ಹಂತದ ಮ್ಯಾನೇಜರ್ ವಿಷಯ ಬೇರೆ, ಅವರು ಯಾರೆಂದು ನಮಗೆ ಗೊತ್ತಿತ್ತು.

ಇನ್ನೊಂದು, ‘ಅಕ್ಕನ ಮತ್ತು ನನ್ನ ರೂಮು’. ಇಬ್ಬರಿಗೂ ಬೇರೆ ಬೇರೆ ರೂಮಿದ್ದರೆ “ಮೈ ಸಿಸ್ಟರ್’ಸ್ ರೂಮ್ ಅಂಡ್ ಮೈನ್”. ಇಬ್ಬರದೂ ಒಂದೇ ರೂಮಾದರೆ ಕಷ್ಟಪಡಬೇಡಿ, “ಅವರ್ ರೂಮ್” ಎಂದುಬಿಡಿ.

ಹಂತ 10: ಈಗ ಒಂದು ಬರಹ ತಿದ್ದೋಣ

ಕಲಿಯುವವರು ಬರೆಯುವ ಥರದ್ದೇ ಐದು ವಾಕ್ಯ ಇಲ್ಲಿವೆ. ಕೆಳಗಿನ ಉತ್ತರ ನೋಡುವ ಮುಂಚೆ ನೀವೇ ಪೆನ್ನು ಹಿಡಿಯಿರಿ.

“ಐ ಆಮ್ ಸ್ಟೇಯಿಂಗ್ ವಿತ್ ಎ ಮೈ ಫ್ರೆಂಡ್. ಹಿಸ್ ರೂಮ್ ಈಸ್ ಬಿಗ್ಗರ್ ದ್ಯಾನ್ ಮೈ. ಅವರ್ ಫಾದರ್ ಕೇಮ್ ಟು ಸೀ ಮಿ ಅಂಡ್ ಫರ್ಗಾಟ್ ದೇರ್ ಗ್ಲಾಸಸ್. ಐ ಪುಟ್ ದೆಮ್ ಇನ್ ಪಾಕೆಟ್. ದ ಕೇಸ್ ಹ್ಯಾಸ್ ಲಾಸ್ಟ್ ಇಟ್’ಸ್ ಲಿಡ್.”

ಮೊದಲ ವಾಕ್ಯದಲ್ಲಿ “ಎ” ಮತ್ತು “ಮೈ” ಒಂದೇ ಜಾಗಕ್ಕೆ ನುಗ್ಗಿವೆ: “ಎ ಫ್ರೆಂಡ್ ಆಫ್ ಮೈನ್”. ಎರಡನೆಯದರಲ್ಲಿ ಕನ್ನಡದ ‘ನನ್ನದಕ್ಕಿಂತ’ ನೆನಪು ಮಾಡಿಕೊಳ್ಳಿ: “ಬಿಗ್ಗರ್ ದ್ಯಾನ್ ಮೈನ್”. ಮೂರನೆಯದರಲ್ಲಿ ಎರಡು ತಪ್ಪು, ಎರಡೂ ಕನ್ನಡದ ಪ್ರೀತಿ ಮರ್ಯಾದೆಗಳಿಂದ ಬಂದವು: “ಮೈ ಫಾದರ್”, “ಹಿಸ್ ಗ್ಲಾಸಸ್”. ನಾಲ್ಕನೆಯದರಲ್ಲಿ ‘ಜೇಬಿನಲ್ಲಿ ಇಟ್ಟುಕೊಂಡೆ’ ಎಂಬುದರ ‘ಕೊಂಡೆ’ ಕಳೆದುಹೋಗಿದೆ: “ಇನ್ ಮೈ ಪಾಕೆಟ್”. ಐದನೆಯದನ್ನು “ಇಟ್ ಈಸ್ ಲಿಡ್” ಎಂದು ಬಿಡಿಸಿ ಓದಿ, ಆ ಗುರುತು ಅಳಿಸಿ.